ಕಲಸಿದವರು ನೋಡುವಂತಿಲ್ಲ

ಪ್ರೀತಿಯ ಅಕ್ಕ,

ಮೊದಲೇ ಹೇಳಿಬಿಡುತ್ತೇನೆ, ಇದು ನನ್ನದೇ ಕೈಬರಹ. ನನ್ನ ಹೆಂಡತಿ ಕೈಲಿ ಬರೆಸಿದ್ದು ಅಂತ ಅನುಮಾನ ಪಡಬೇಡ. ಒಂದನೇ ಕ್ಲಾಸಿನ ಮಕ್ಕಳ ಹಾಗೆ ಕಾಗದದ ಮೇಲೆ ಪೆನ್ಸಿಲಿನಲ್ಲಿ ಜೋಡಿ ಗೆರೆ ಎಳೆದುಕೊಂಡು, ಆ ಗೆರೆಗಳ ನಡುವೆ ಅಕ್ಷರಗಳನ್ನು ಕೂರಿಸುತ್ತಿದ್ದೇನೆ. ಗೆರೆ ಇಲ್ಲದಿದ್ದರೆ ಈ ಪಾರ್ಕಿನ್ಸನ್ ನನ್ನ ಅಕ್ಷರಗಳನ್ನು ಸದ್ದಿಲ್ಲದೆ ಚಿಕ್ಕದು ಮಾಡುತ್ತಾ ಹೋಗುತ್ತದೆ. ಸಾಲಿನ ಆರಂಭದಲ್ಲಿ ಕಡಲೆಯಷ್ಟಿದ್ದದ್ದು ಕೊನೆಗೆ ಸಾಸಿವೆಯಷ್ಟಾಗಿರುತ್ತದೆ. ಎಲ್ಲಾದರೂ ಓದಲು ಕಷ್ಟವಾದರೆ ಕನ್ನಡಕ ಒರೆಸಿಕೊಂಡು ಓದು, ಬಯ್ಯುವುದನ್ನು ಕೊನೆಗೆ ಇಟ್ಟುಕೋ.

ನೀನು ಮುಖ ಊದಿಸಿಕೊಂಡು ಹೋದಾಗಿನಿಂದ ನನ್ನ ಫೋನು ಎತ್ತುತ್ತಿಲ್ಲ. ಇವಳು ಮಾಡಿದರೆ ಎತ್ತುತ್ತೀಯ. ಎತ್ತಿ, "ಅವನಿಗೆ ಹೇಳು" ಅಂತ ನಾನು ಯಾರೋ ಪರವೂರಿನವನೆಂಬಂತೆ ಮಾತಾಡುತ್ತೀಯ. ಪಕ್ಕದಲ್ಲೇ ಕೂತು ನಾನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತೇನೆ ಅನ್ನುವುದು ನಿನಗೂ ಗೊತ್ತು. ಅದಕ್ಕೇ ಅಷ್ಟು ಜೋರಾಗಿ ಹೇಳುತ್ತೀಯ. ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ನೀನು ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ. "ಆ ಮಾತ್ರೆ ಎಲ್ಲ ನಿಲ್ಸು. ಒಂದು ತಿಂಗಳು ನಾನು ಕೊಟ್ಟ ಪುಡಿ ಮಾತ್ರ ತಗೋ. ಇಲ್ಲಾಂದ್ರೆ ನಾನು ಈ ಮನೆ ಮೆಟ್ಲು ಹತ್ತಲ್ಲ." ಆ ಮಾತಿಗೆ ಉತ್ತರ ಬಾಕಿ ಇದೆ. ಫೋನಿನಲ್ಲಿ ಹೇಳಹೊರಟರೆ ಅರ್ಧದಾರಿಯಲ್ಲೇ ಜಗಳವಾಗುತ್ತದೆ. ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ನನಗೆ ಇಂಥ ಅವಕಾಶ ಸಿಕ್ಕಿದೆ, ಪೂರ್ತಿಯಾಗಿ ಬಳಸಿಕೊಳ್ಳುತ್ತೇನೆ.

ಮೊನ್ನೆ ನೀನು ಇವಳಿಗೆ ಅಂದದ್ದೂ ಕೇಳಿಸಿತು. "ನೋಡಿದ್ಯಾ, ವರ್ಷಗಟ್ಲೆ ಇಲಿ ತರ ಪ್ರಯೋಗಕ್ಕೆ ಕೂತ. ಕೊನೆಗೆ ಆ ಔಷಧೀನೇ ಬಿದ್ದೋಯ್ತಲ್ಲ. ಇನ್ನಾದ್ರೂ ನನ್ನ ಮಾತು ಕೇಳ್ತಾನಾ ಅಂತ ಕೇಳು." ನಿಜ, ಬಿದ್ದುಹೋಯಿತು. ಆದರೆ ಹೇಗೆ ಬಿತ್ತು, ಅದರಲ್ಲಿ ನನ್ನ ಪಾಲು ಏನಿತ್ತು ಅನ್ನುವುದನ್ನು ಇವಳು ನಿನಗೆ ಹೇಳಿಲ್ಲ. ನಾನೇ ಹೇಳುತ್ತೇನೆ ಅಂತ ತಡೆದಿದ್ದೆ. ಕೇಳಿದರೆ ನೀನು ನಗುತ್ತೀಯ. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಅದಕ್ಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ನಮ್ಮ ಬಣ್ಣದ ಶೆಡ್ಡಿಗೆ.

ನೂಲಿಗೆ ಬಣ್ಣ ಹಾಕುವ ಆ ಉದ್ದನೆಯ ಶೆಡ್ಡು ನೆನಪಿದೆಯಲ್ಲ ನಿನಗೆ. ನೆಲದ ಮೇಲೆ ಸದಾ ಬಣ್ಣದ ನೀರು ಹರಿಯುತ್ತಿತ್ತು. ಸಂಜೆ ಮನೆಗೆ ಬಂದು ಕಾಲು ತೊಳೆದರೆ ಆ ದಿನ ಯಾವ ಬಣ್ಣ ಹಾಕಿದರು ಅಂತ ಬಚ್ಚಲಿಗೇ ಗೊತ್ತಾಗುತ್ತಿತ್ತು. ನೀನು ತೊಟ್ಟಿಯ ಹೆಂಗಸರ ಮುಂದಾಳು. ಕುದಿಯುವ ಬಣ್ಣದ ತೊಟ್ಟಿಯ ಎರಡು ಬದಿಗೂ ನಿಂತ ಹೆಂಗಸರು ನೂಲಿನ ಲಡಿಗಳನ್ನು ಕೋಲಿನ ಮೇಲೆ ಇಳಿಬಿಟ್ಟು, ಎಲ್ಲರೂ ಒಂದೇ ಏಟಿಗೆ ಎತ್ತಬೇಕು, ಒಂದೇ ಏಟಿಗೆ ತಿರುವಬೇಕು. ಒಬ್ಬಳು ತಡ ಮಾಡಿದರೂ ನೂಲಿನಲ್ಲಿ ಕಲೆ. ಅದಕ್ಕಾಗಿ ನಿನ್ನ ಕೂಗು. "ಎತ್ತೀ... ತಿರುವೀ... ಬಿಡೀ..." ಹೊರಗೆ ರಸ್ತೆಯಲ್ಲಿ ಹೋಗುವವರು ಆ ತಾಳಕ್ಕೆ ಹೆಜ್ಜೆ ಹಾಕಿಕೊಂಡು ಹೋಗುವುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಅವರಿಗೇ ಅದು ಗೊತ್ತಿರುತ್ತಿರಲಿಲ್ಲ.

ಅಮ್ಮ ಹೋದ ಮೇಲೆ ನೀನು ನನ್ನ ಕೈ ಹಿಡಿದು ಮೇಸ್ತ್ರಿ ಹತ್ತಿರ ಕರೆದುಕೊಂಡು ಹೋದೆ. "ಇವ್ನು ನನ್ನ ತಮ್ಮ. ಸ್ವಲ್ಪ ಗಿಡ್ಡ ಇದ್ದಾನೆ, ತೊಟ್ಟಿ ಎಟುಕಲ್ಲ. ಕಣ್ಣು ಮಾತ್ರ ಚೆನ್ನಾಗಿದೆ" ಅಂದೆ. ಆಮೇಲೆ ನಾನು ನಿನಗಿಂತ ಗೇಣುದ್ದ ಬೆಳೆದರೂ ನಿನ್ನ ಬಾಯಲ್ಲಿ ಗಿಡ್ಡ ಅನ್ನುವ ಹೆಸರು ಹಾಗೇ ಉಳಿಯಿತು. ಮೇಸ್ತ್ರಿ ನನ್ನನ್ನು ಬಣ್ಣ ಕೂಡಿಸುವ ಕೋಣೆಗೆ ಹಾಕಿದರು. ಗಿರಾಕಿ ಒಂದು ತುಂಡು ಬಟ್ಟೆ ಕೊಟ್ಟು ಇದೇ ಬಣ್ಣ ಬೇಕು ಅನ್ನುತ್ತಾನೆ, ನಾವು ಪುಡಿಗಳನ್ನು ಕಲಸಿ ಅದೇ ಬಣ್ಣ ತರಬೇಕು. ಆ ಕೋಣೆಯಲ್ಲಿ ಒಂದೇ ಒಂದು ಕಟ್ಟಳೆ. ಬಣ್ಣ ಕಲಸಿದವರು ಅದನ್ನು ನೋಡಿ ಸರಿ ತಪ್ಪು ಹೇಳುವಂತಿಲ್ಲ. ಕಲಸಿದವನನ್ನು ಹೊರಗೆ ಕಳಿಸಿ, ಕಲಸಿದ್ದು ಯಾರು ಅಂತ ಗೊತ್ತಿಲ್ಲದ ಇನ್ನೊಬ್ಬರನ್ನು ಕರೆಸಿ, ಕಿಟಕಿಯ ಬೆಳಕಿನಲ್ಲಿ ಎರಡು ತುಂಡುಗಳನ್ನು ಪಕ್ಕಪಕ್ಕ ಇಟ್ಟು ಕೇಳುತ್ತಿದ್ದರು. "ಬೆಳಿಗ್ಗೆಯಿಂದ ಬೆವರು ಸುರಿಸಿದವನ ಕಣ್ಣಿಗೆ ಎಲ್ಲಾನೂ ಸರಿಯಾಗೇ ಕಾಣುತ್ತೆ ಕಣೋ" ಅನ್ನುತ್ತಿದ್ದರು ಮೇಸ್ತ್ರಿ.

ಹೊಸಬರಿಗೆ ಅವರು ಒಂದು ಕಿತಾಪತಿ ಮಾಡುತ್ತಿದ್ದರು. ಒಂದೇ ಬಟ್ಟೆಯಿಂದ ಎರಡು ತುಂಡು ಕತ್ತರಿಸಿ ಮುಂದಿಟ್ಟು, ಯಾವುದರಲ್ಲಿ ಕೆಂಪು ಜಾಸ್ತಿ ಇದೆ ಹೇಳು ಅನ್ನುವುದು. ನಾನು ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ, ದೊಡ್ಡ ಪಂಡಿತನ ಹಾಗೆ ಎಡಗಡೆಯದು ಅಂದಿದ್ದೆ. ನಿನ್ನ ತೊಟ್ಟಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನಕ್ಕಿದ್ದರು, ನೀನೂ ನಕ್ಕಿದ್ದೆ. ಆದರೆ ಅಕ್ಕ, ಇದನ್ನು ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿಲ್ಲ, ನನಗೆ ನಿಜವಾಗಿಯೂ ಎಡಗಡೆಯದು ಕೆಂಪಗೆ ಕಂಡಿತ್ತು. ನಾನು ಊಹೆ ಮಾಡಿ ಹೇಳಿದ್ದಲ್ಲ. ವ್ಯತ್ಯಾಸ ಇರಲೇಬೇಕು ಅಂತ ಮನಸ್ಸು ನಂಬಿದ ಮೇಲೆ ಕಣ್ಣು ಅದನ್ನು ತೋರಿಸಿಕೊಟ್ಟಿತ್ತು.

ಆ ಕೋಣೆಯ ಹಿಂದಿನ ಗೋಡೆಯೂ ನಿನಗೆ ನೆನಪಿರಬೇಕು. ಒಲ್ಲದ ಗೋಡೆ ಅನ್ನುತ್ತಿದ್ದೆವು. ಸರಿಬಾರದ ಬಣ್ಣದ ತುಂಡುಗಳನ್ನೆಲ್ಲ ಮೇಸ್ತ್ರಿ ಎಸೆಯದೆ ಅಲ್ಲಿ ಮೊಳೆಗೆ ಸಿಕ್ಕಿಸಿ, ಏನೇನು ಕಲಸಿದ್ದು ಅಂತ ಚೀಟಿ ಅಂಟಿಸುತ್ತಿದ್ದರು, ಮುಂದೆ ಬರುವವನು ಅದನ್ನೇ ಮತ್ತೆ ಕಲಸಿ ದಿನ ಹಾಳು ಮಾಡಿಕೊಳ್ಳದಿರಲಿ ಅಂತ. ಯಾರಾದರೂ ನೋಡಲು ಬಂದರೆ ಒಪ್ಪಿತವಾದ ಬಣ್ಣಗಳನ್ನು ಬಿಟ್ಟು ಮೊದಲು ಆ ಗೋಡೆಯನ್ನೇ ತೋರಿಸುವರು. ನನಗಾಗ ಅದು ವಿಚಿತ್ರವಾಗಿ ಕಾಣುತ್ತಿತ್ತು.

ಇನ್ನು ನನ್ನ ಕಾಯಿಲೆಯ ವಿಷಯ. ಡಾಕ್ಟರಮ್ಮ ಮೊದಲ ದಿನವೇ ಮುಚ್ಚುಮರೆ ಇಲ್ಲದೆ ಹೇಳಿದ್ದರು. ಈಗಿರುವ ಮಾತ್ರೆ ಕೈಕಾಲು ಆಡಿಸುತ್ತದೆ, ಕಾಯಿಲೆಯನ್ನು ತಡೆಯುವುದಿಲ್ಲ. ತಡೆಯುವಂಥದ್ದು ಇನ್ನೂ ಯಾರಿಗೂ ಸಿಕ್ಕಿಲ್ಲ, ಹುಡುಕುತ್ತಿದ್ದಾರೆ. ಸಿಕ್ಕಿಲ್ಲ ಅನ್ನುವ ಆ ಒಂದು ಮಾತು ನಿನ್ನ ಕಿವಿಗೆ ಬಿದ್ದದ್ದೇ ತಡ, ಹುಡುಕುವ ಕೆಲಸವನ್ನು ನೀನೇ ವಹಿಸಿಕೊಂಡೆ. ಮೊದಲು ಎಣ್ಣೆಯ ಗುಳಿಗೆ ಬಂತು. ಆಮೇಲೆ ಬೀಜದ ಪುಡಿ. ಆಮೇಲೆ ಅಣಬೆಯೋ ಬೇರೋ ಗೊತ್ತಾಗದ ಬೂದು ಪುಡಿ. ಡಬ್ಬಿಯ ಮೇಲೆ ಒಬ್ಬ ಮುದುಕ ಗುಡ್ಡ ಹತ್ತುತ್ತಿರುವ ಚಿತ್ರ. ಇವಳು ಅಡುಗೆಮನೆಯ ಕಪಾಟಿನಲ್ಲಿ ಒಂದು ಅರೆಯನ್ನೇ ಖಾಲಿ ಮಾಡಿ, ಇದು ಅತ್ತಿಗೆಯ ಅಂಗಡಿ ಅಂತ ಹೆಸರಿಟ್ಟಳು.

ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಹೊಸ ಮಾತ್ರೆಯೊಂದರ ಪ್ರಯೋಗ ಶುರುವಾಯಿತು. ಮೊದಲಿನ ಮಾತ್ರೆಯ ಜೊತೆಗೆ ಇದನ್ನೂ ತಗೊಳ್ಳಬೇಕು. ಬಂದವರಲ್ಲಿ ಅರ್ಧ ಜನಕ್ಕೆ ನಿಜವಾದ ಹೊಸ ಮಾತ್ರೆ, ಇನ್ನರ್ಧ ಜನಕ್ಕೆ ನೋಡಲು ಅದರ ಹಾಗೇ ಇರುವ, ಒಳಗೆ ಏನೂ ಇಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ತಿಳಿಸುವುದಿಲ್ಲ, ಪರೀಕ್ಷೆ ಮಾಡುವ ಡಾಕ್ಟರಿಗೂ ತಿಳಿಸುವುದಿಲ್ಲ. ಅದನ್ನು ಕೇಳಿದ ಕೂಡಲೇ ನನಗೆ ಮೇಸ್ತ್ರಿ ಕಣ್ಣ ಮುಂದೆ ಬಂದರು. ಸಹಿ ಹಾಕಿಬಿಟ್ಟೆ. ನಿನಗೆ ಕೋಪ ಬಂದದ್ದು ಯಾಕೆ ಅಂತಲೂ ಗೊತ್ತು. ಪ್ರಯೋಗ ಮುಗಿಯುವವರೆಗೆ ಬೇರೆ ಏನನ್ನೂ ತಗೊಳ್ಳುವಂತಿಲ್ಲ ಅಂದಿದ್ದರು, ನಿನ್ನ ಅಂಗಡಿಗೆ ಬೀಗ ಬಿತ್ತು.

ಹೊಸ ಮಾತ್ರೆ ಶುರುವಾದ ಮೇಲೆ ನಾನು ನಿನಗೆ ಏನೆಲ್ಲ ಕೊಚ್ಚಿಕೊಂಡೆ, ನೆನಪಿದೆಯಾ. ನನಗೆ ಸಿಕ್ಕಿರುವುದು ನಿಜವಾದ ಮಾತ್ರೆಯೇ, ಅನುಮಾನವೇ ಇಲ್ಲ. ಮಣಿಕಟ್ಟು ಸಡಿಲವಾಗಿದೆ. ಅಂಗಿಯ ಗುಂಡಿ ನಾನೇ ಹಾಕಿಕೊಳ್ಳುತ್ತೇನೆ. ಲೋಟ ತುಂಬ ಕಾಫಿ ತಂದರೂ ಚೆಲ್ಲುವುದಿಲ್ಲ. ಇವಳೂ ಹೌದು ಅಂದಳು. ನೀನು ಮಾತ್ರ, "ಒಳ್ಳೇದಾದ್ರೆ ಸರಿ" ಅಂತ ಒಲ್ಲದ ಮನಸ್ಸಿನಿಂದ ಅಂದೆ. ನಿನ್ನ ಪುಡಿಯಿಂದ ಆಗಬೇಕಿದ್ದ ಒಳ್ಳೆಯದನ್ನು ಬೇರೆ ಯಾರೋ ಮಾಡಿಬಿಟ್ಟರಲ್ಲ ಅಂತ ನಿನಗೆ ಹೊಟ್ಟೆಕಿಚ್ಚು.

ಇಲ್ಲಿ ಕೈ ಸೋತಿತು. ಒಂದು ಲೋಟ ನೀರು ಕುಡಿದು, ಅಂಗೈ ತೆರೆದು ಮುಚ್ಚಿ ಮಾಡಿ ಮತ್ತೆ ಕೂತಿದ್ದೇನೆ. ಇವಳು ಹಿಂದಿನಿಂದ ಇಣುಕಿ, ನನ್ನ ಬಗ್ಗೆ ಏನು ಬರೆದಿದ್ದೀರಿ ಅಂತ ಕೇಳಿ ಹೋದಳು. ಮುಂದೆ ಬರುತ್ತೆ ಅಂದಿದ್ದೇನೆ.

ಪ್ರಯೋಗದ ಕೊನೆಯ ಪರೀಕ್ಷೆಯ ದಿನದ್ದನ್ನು ನಿನಗೆ ಹೇಳಿಯೇ ಇಲ್ಲ. ಆ ದಿನ ಬೆಳಗಿನ ಮಾತ್ರೆ ತಗೊಳ್ಳದೆ ಬರಬೇಕು ಅಂದಿದ್ದರು, ದಿನವೂ ನುಂಗುವ ಹಳೆಯ ಮಾತ್ರೆಯನ್ನೂ ಸೇರಿಸಿ. ಅದರ ಸಹಾಯವಿಲ್ಲದೆ ಮೈ ಎಷ್ಟು ಆಡುತ್ತದೆ ಅಂತ ನೋಡಲು. ಅಕ್ಕ, ಆ ಬೆಳಗು ಇವಳು ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುವಷ್ಟರಲ್ಲಿ ಇಬ್ಬರಿಗೂ ಬೆವರಿಳಿದಿತ್ತು. ಒದ್ದೆ ಕಂಬಳಿ ಹೊದ್ದ ಹಾಗೆ ಮೈಯೆಲ್ಲ ಭಾರ. ಆಸ್ಪತ್ರೆಯಲ್ಲಿ ನರ್ಸಮ್ಮ, ಎದ್ದು ಕೋಣೆಯ ಹೊರಗಿನ ಕಾರಿಡಾರ್ ಓಣಿಯ ಕೊನೆಯವರೆಗೆ ಹೋಗಿ ಬನ್ನಿ ಅಂದರು. ಬಾಗಿಲವರೆಗೆ ಹೋದೆ. ಅಲ್ಲಿ ಕಾಲು ನೆಲಕ್ಕೆ ಅಂಟಿಕೊಂಡಿತು. ಬಾಗಿಲು ಕಂಡರೆ ನಿಲ್ಲುವುದು ಈ ಕಾಯಿಲೆಯ ಚಾಳಿ. ಮುಂದೆ ಹೋಗು ಅಂತ ತಲೆ ಹೇಳುತ್ತದೆ, ಕಾಲಿಗೆ ಅದು ಕೇಳುವುದಿಲ್ಲ. ಎಷ್ಟು ಹೊತ್ತು ನಿಂತೆನೋ. ನರ್ಸಮ್ಮ ಕೈ ಕೊಡಲು ಬಂದರು. ಆಗ ನನ್ನ ಬಾಯಿಂದಲೇ ಹೊರಟಿತು, ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. "ಎತ್ತೀ... ತಿರುವೀ... ಬಿಡೀ..." ಮೊದಲನೇ ಎತ್ತೀಗೆ ಹಿಮ್ಮಡಿ ಎದ್ದಿತು. ಬಿಡೀ ಅನ್ನುವಾಗ ಒಂದು ಹೆಜ್ಜೆ ಆಚೆಗೆ ಬಿದ್ದಿತ್ತು. ಹಾಗೇ ಕೂಗಿಕೊಂಡು ಓಣಿಯ ಕೊನೆಯವರೆಗೆ ಹೋಗಿ ತಿರುಗಿ ಬಂದೆ. ಬೆಂಚಿನ ಮೇಲೆ ಕೂತವರೆಲ್ಲ ಕತ್ತು ಹೊರಳಿಸಿ ನೋಡಿದರು. ನರ್ಸಮ್ಮ ನಗುತ್ತಾ, "ತಾಳ ಸಿಕ್ಕಿದ್ರೆ ನಿಮ್ಮಂಥವ್ರಿಗೆ ಕಾಲು ಬರುತ್ತೆ, ಇದನ್ನ ಬಿಡಬೇಡಿ. ಯಾವ ಹಾಡು ಇದು?" ಅಂದರು. ಹಾಡಲ್ಲ, ನಮ್ಮಕ್ಕ ಅಂದೆ.

ಆದರೆ ಅದರ ಮುಂದಿನದನ್ನೂ ಕೇಳು. ಆಮೇಲೆ ಹಳೆಯ ಮಾತ್ರೆ ಕೊಟ್ಟು ಒಂದು ಗಂಟೆ ಕೂರಿಸಿದರು. ಮೈ ಮೇಲಿನ ಒದ್ದೆ ಕಂಬಳಿಯನ್ನು ಯಾರೋ ಮೆಲ್ಲಗೆ ತೆಗೆದ ಹಾಗಾಯಿತು. ಮತ್ತೆ ನಡೆಸಿದಾಗ ಅದೇ ಬಾಗಿಲನ್ನು ನೋಡದೆಯೇ ದಾಟಿದ್ದೆ. ದಾಟಿದ್ದೂ ಗೊತ್ತಾಗಲಿಲ್ಲ. ಒಂದೇ ದಿನ, ಒಂದೇ ಓಣಿ, ಒಂದೇ ಗಿಡ್ಡ. ಎರಡು ತುಂಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಹಾಗೆ ನೋಡಿಬಿಟ್ಟೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದು, ನಿನ್ನ ಮಾತಿಗೆ ನನ್ನ ಉತ್ತರ ಇಲ್ಲೇ ಇದೆ.

ಪ್ರಯೋಗ ಮುಗಿದ ವಾರವೇ ನೀನು ಬಂದಿಳಿದೆ. ಅಂಗಡಿಯ ಬೀಗ ತೆಗೆಸಿದೆ. ಇವಳು ಡಬ್ಬಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಡಾಕ್ಟರಮ್ಮನ ಮೇಜಿನ ಮೇಲೆ ಸಾಲಾಗಿ ಇಟ್ಟಾಗ ನೀನೂ ಇದ್ದೆ. ಅವರು ನಗಲಿಲ್ಲ, ಬಯ್ಯಲಿಲ್ಲ, ಒಂದೊಂದನ್ನೇ ತಿರುಗಿಸಿ ಓದಿದರು. ಬೀಜದ ಪುಡಿಯನ್ನು ಮಾತ್ರ ಪಕ್ಕಕ್ಕೆ ತೆಗೆದಿಟ್ಟರು. ನನ್ನ ಮಾತ್ರೆಯಲ್ಲಿರುವ ಅಂಶವೇ ಆ ಬೀಜದಲ್ಲೂ ಇದೆಯಂತೆ, ಎಷ್ಟಿದೆ ಅಂತ ಡಬ್ಬಿಗೂ ಗೊತ್ತಿಲ್ಲವಂತೆ, ಎರಡೂ ಸೇರಿದರೆ ಮೈ ತನಗೆ ತಾನೇ ಕುಣಿಯಲು ಶುರುವಾಗಬಹುದಂತೆ. ನೀನು ಆಗ ನನ್ನ ಕಡೆ ನೋಡಿ, "ನೋಡು, ಬೀಜದಲ್ಲೂ ಔಷಧಿ ಇದೆ ಅಂತ ಅವ್ರೇ ಒಪ್ಕೊಂಡ್ರು" ಅಂದೆ. ಬೂದು ಪುಡಿಗೆ ಡಾಕ್ಟರಮ್ಮ, "ಇದರಿಂದ ಕೆಡುಕಾಗೋ ಹಾಗೆ ಕಾಣಲ್ಲ. ಒಳ್ಳೇದಾಗುತ್ತೆ ಅಂತ ಯಾರೂ ಸರಿಯಾಗಿ ನೋಡಿಲ್ಲ. ತಗೊಂಡ್ರೂ ಮಾತ್ರೆ ಮಾತ್ರ ಬಿಡಬೇಡಿ" ಅಂದರು. ಯಾರೂ ನೋಡಿಲ್ಲವಾದರೆ ನಾವೇ ನೋಡೋಣ ಅಂದವಳು ನೀನು. ಬಣ್ಣದ ಶೆಡ್ಡಿನ ಹಾಗೆ ನೋಡೋಣ ಅಂದವನು ನಾನು. ಅಷ್ಟು ಹುರುಪಿನಿಂದ ನಾವಿಬ್ಬರೂ ಸೇರಿ ಒಂದು ಕೆಲಸಕ್ಕೆ ಕೈ ಹಾಕಿ ಎಷ್ಟು ಕಾಲವಾಗಿತ್ತು.

ಈಗ ಇವಳ ಭಾಗ. ಹುಸಿ ಪುಡಿ ಮಾಡುವ ಕೆಲಸ ಇವಳಿಗೆ ಬಿತ್ತು. ಶೆಡ್ಡಿನಲ್ಲಿ ನನಗಿಂತ ಒಳ್ಳೆಯ ಕಣ್ಣು ಇವಳದೇ ಅಂತ ಮೇಸ್ತ್ರಿ ನನ್ನೆದುರೇ ಹೇಳುತ್ತಿದ್ದರು, ಬಹುಶಃ ಅದಕ್ಕೇ ನಾನು ಇವಳನ್ನು ಮದುವೆಯಾದೆ. ಹಿಟ್ಟು ಹುರಿದಳು, ಕಾಫಿ ಪುಡಿ ಸೇರಿಸಿದಳು, ಕಿಟಕಿಯ ಹತ್ತಿರ ಹಿಡಿದು ನೋಡಿದಳು, ಹಳದಿ ಹೆಚ್ಚಾಯಿತು ಅಂತ ಚೆಲ್ಲಿದಳು, ಮತ್ತೆ ಹುರಿದಳು. ಕಹಿಗೆ ಹಣ್ಣಿನ ಸಿಪ್ಪೆ ಒಣಗಿಸಿ ಪುಡಿ ಮಾಡಿದಳು. ಕೊನೆಗೆ ಬಣ್ಣ, ವಾಸನೆ, ಬೆರಳಿಗೆ ಸಿಗುವ ತರಿ, ಎಲ್ಲದರಲ್ಲೂ ನಿನ್ನ ಪುಡಿಯ ಅವಳಿಯೇ ಆಯಿತು. ಎರಡನ್ನೂ ಒಂದೇ ಥರದ ಸೀಸೆಗೆ ತುಂಬಿ, ಕುತ್ತಿಗೆಗೆ ಕೆಂಪು ದಾರ ಕಟ್ಟಿದಳು. ನಿನ್ನ ಪುಡಿಯ ಸೀಸೆಗೆ ಕೂದಲೆಳೆಯಷ್ಟು ಗಾಢ ಕೆಂಪು. ಆ ವ್ಯತ್ಯಾಸ ಇವಳ ಕಣ್ಣಿಗೆ ಮಾತ್ರ ಕಾಣುವಂಥದ್ದು, ನನಗೂ ನಿನಗೂ ಸಿಗದಂಥದ್ದು. ಆಮೇಲೆ ಸೀಸೆಗಳನ್ನು ಒಣಗಿರಲಿ ಅಂತ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಇವಳಿಗೆ ಹೇಳದೆ ನಾನು ಒಂದನ್ನು ಆರಿಸಿ ಕೆಲವು ದಿನ ಅದನ್ನು, ಆಮೇಲೆ ಇನ್ನೊಂದನ್ನು ತಗೊಂಡೆ.

ನೀನು ದಿನವೂ ಬೆಳಿಗ್ಗೆ ಕುರ್ಚಿ ಎಳೆದುಕೊಂಡು ನನ್ನೆದುರು ಕೂತು, ಗುಂಡಿ ಹಾಕುವುದನ್ನು, ಲೋಟ ಎತ್ತುವುದನ್ನು, ತಿರುಗಿ ನಿಲ್ಲುವುದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಮೊದಲನೇ ಸೀಸೆ ನಡೆಯುತ್ತಿದ್ದಾಗ, "ಮುಖದಲ್ಲಿ ಕಳೆ ಬಂದಿದೆ ನೋಡೇ, ಇದು ನನ್ದೇ ಪುಡಿ" ಅಂತ ಇವಳಿಗೆ ಹೇಳಿದೆ. ಎರಡನೆಯದಕ್ಕೆ ಬಂದಾಗ, "ಇವತ್ತು ಪೆಚ್ಚಾಗಿದ್ದಾನೆ, ಇದು ನಿನ್ನ ಹಿಟ್ಟು" ಅಂದೆ. ನನಗೂ ಹಾಗೇ ಅನ್ನಿಸಿತ್ತು ಅಂತ ಇಲ್ಲಿ ಹೇಳಿಬಿಡುತ್ತೇನೆ. ತೀರ್ಪಿನ ದಿನ ಇವಳು ಎರಡು ಸೀಸೆಗಳನ್ನೂ ತಂದು ಬೆಳಕಿಗೆ ಹಿಡಿದಳು. ಕನ್ನಡಕ ತೆಗೆದು ನೋಡಿದಳು, ಹಾಕಿಕೊಂಡು ನೋಡಿದಳು. ಬಿಸಿಲಿಗೆ ಎರಡು ದಾರಗಳೂ ಬಣ್ಣ ಬಿಟ್ಟು ಒಂದೇ ನಸುಗೆಂಪಾಗಿದ್ದವು.

ಜೀವಮಾನವಿಡೀ ಬಣ್ಣದ ಜೊತೆ ಬಾಳಿದ ಮೂರು ಜನ, ಬಿಸಿಲಿಗೆ ಕೆಂಪು ನಿಲ್ಲುವುದಿಲ್ಲ ಅನ್ನುವುದನ್ನು ಮರೆತೆವು. ರುಚಿ ನೋಡಿದೆವು, ಎರಡೂ ಕಹಿ. ಮೂಸಿದೆವು, ಎರಡೂ ಒಂದೇ. ನೀರಿಗೆ ಹಾಕಿದರೆ ಎರಡೂ ಒಂದೇ ಥರ ಮುಳುಗಿದವು. ನೀನು, "ಬೇಕಂತ್ಲೇ ಮಾಡಿದ್ದೀರಿ. ನನ್ನ ಪುಡಿ ಗೆದ್ದುಬಿಡುತ್ತೆ ಅಂತ ಮಾಡಿದ್ದೀರಿ" ಅಂತ ಎದ್ದೆ, ಚೀಲ ತುಂಬಿದೆ, ಚಪ್ಪಲಿ ಮೆಟ್ಟಿಕೊಂಡೆ. ಅಕ್ಕ, ಬೇಕಂತಲೇ ಮಾಡಲಿಲ್ಲ. ಇವಳು ಅದಕ್ಕೆ ಇವತ್ತಿಗೂ ಕೊರಗುತ್ತಾಳೆ. ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿದ್ದೇ ಇವಳ ತಪ್ಪು. ನೀನು ಇವಳ ಫೋನು ಎತ್ತಿದಾಗ ಅದೊಂದು ಅನುಮಾನವನ್ನಾದರೂ ಬಿಟ್ಟು ಮಾತಾಡು.

ಕಳೆದ ವಾರ ಆಸ್ಪತ್ರೆಯವರು ಪ್ರಯೋಗಕ್ಕೆ ಬಂದವರನ್ನೆಲ್ಲ ಕರೆಸಿದ್ದರು. ಒಂದು ದೊಡ್ಡ ಕೋಣೆಯಲ್ಲಿ ನಡುಗುವ ಕೈಗಳು, ನಡುಗುವ ಗಲ್ಲಗಳು, ಕೋಲುಗಳು, ಅವರವರ ಹೆಂಡಂದಿರು, ಗಂಡಂದಿರು. ಡಾಕ್ಟರಮ್ಮ ಸುತ್ತಿ ಬಳಸದೆ ಹೇಳಿದರು. ಹೊಸ ಮಾತ್ರೆ ತಿಂದವರಿಗೂ ಹುಸಿ ಮಾತ್ರೆ ತಿಂದವರಿಗೂ ವ್ಯತ್ಯಾಸ ಕಾಣಲಿಲ್ಲ. ಶುರುವಿನಲ್ಲಿ ಎರಡು ಗುಂಪಿನವರೂ ಚೆನ್ನಾಗಿದ್ದೇವೆ ಅಂದಿದ್ದರು, ಆಮೇಲೆ ಎರಡು ಗುಂಪಿನವರಿಗೂ ಕಾಯಿಲೆ ತನ್ನ ಪಾಡಿಗೆ ತಾನು ಮುಂದುವರಿದಿದೆ. ನನಗೂ ಒಂದು ಕ್ಷಣ ಎದೆ ಖಾಲಿಯಾಯಿತು, ಇಲ್ಲ ಅನ್ನುವುದಿಲ್ಲ. ಎದ್ದು ಹೊರಡುವಾಗ ನರ್ಸಮ್ಮ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ನಿಮಗೆ ಸಿಕ್ಕಿದ್ದು ಯಾವುದು ಅಂತ ತಿಳಿಸಿದರು. ನನ್ನ ಸರದಿ ಬಂದಾಗ ಅವರು ಸ್ವಲ್ಪ ಅನುಮಾನಿಸಿದರು, ಬೇಜಾರಾಗುತ್ತೇನೋ ಅಂತ.

ನನಗೆ ಸಿಕ್ಕಿದ್ದು ಹುಸಿ ಮಾತ್ರೆ ಅಕ್ಕ. ಅಷ್ಟೂ ಕಾಲ ನಾನು ನುಂಗಿದ್ದು ಏನೂ ಇಲ್ಲದ ಬಿಳಿ ಬಿಲ್ಲೆ. ಆ ಸಡಿಲವಾದ ಮಣಿಕಟ್ಟು, ಆ ಗುಂಡಿ, ಆ ಚೆಲ್ಲದ ಕಾಫಿ, ಎಲ್ಲ ಅದರದ್ದೇ. ಒಂದೇ ಬಟ್ಟೆಯ ಎರಡು ತುಂಡು ಮುಂದಿಟ್ಟು ಮೇಸ್ತ್ರಿ ಇನ್ನೊಂದು ಸಲ ನನ್ನನ್ನು ಕೇಳಿದ್ದರು, ನಾನು ಇನ್ನೊಂದು ಸಲ ತಲೆ ಓರೆ ಮಾಡಿ ಎಡಗಡೆಯದು ಅಂದಿದ್ದೆ. ಆ ಓಣಿಯಲ್ಲೇ ನಿಂತು ನಗಲು ಶುರು ಮಾಡಿದೆ. ಇವಳೂ ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು. ನರ್ಸಮ್ಮನಿಗೆ ಏನೂ ಅರ್ಥವಾಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನನಗೆ ಬೇಸರವಿರಲಿಲ್ಲ, ನಂಬು. ಬಸ್ಸಿನ ಕಿಟಕಿಯ ಪಕ್ಕ ಕೂತು ನಾನು ಒಲ್ಲದ ಗೋಡೆಯನ್ನೇ ನೆನೆಯುತ್ತಿದ್ದೆ. ಈ ಮಾತ್ರೆಯೂ ಈಗ ಅಲ್ಲಿ ಒಂದು ಮೊಳೆಗೆ ಹೋಗಿ ಕೂತಿದೆ. ಮುಂದೆ ಹುಡುಕುವವರು ಅದರಲ್ಲಿ ದಿನ ಹಾಳು ಮಾಡಿಕೊಳ್ಳುವುದಿಲ್ಲ. ಆ ಗೋಡೆಗೆ ಒಂದು ತುಂಡು ಸೇರಿಸುವುದರಲ್ಲಿ ನನ್ನ ನಡುಗುವ ಕೈಯೂ ಇತ್ತು ಅಂದರೆ ನನಗೆ ಹೆಮ್ಮೆಯೇ. ನೀನು ಇಲಿ ಅಂದೆ. ಇರಲಿ, ಒಳ್ಳೆಯ ಇಲಿ.

ಈಗ ನಿನ್ನ ಮಾತಿಗೆ ಉತ್ತರ. ಹೊಸ ಮಾತ್ರೆ ಬಿತ್ತು, ಆದ್ದರಿಂದ ನಿನ್ನ ಪುಡಿ ಗೆದ್ದಿತು ಅನ್ನುತ್ತಿದ್ದೀಯ. ಅದು ಕಿಟಕಿಯ ಬೆಳಕಿಗೆ ಬಂದು, ಎಲ್ಲರೆದುರು ನಿಂತು ಬಿತ್ತು. ನಿನ್ನ ಪುಡಿ ಇನ್ನೂ ಕಿಟಕಿಯ ಹತ್ತಿರಕ್ಕೇ ಬಂದಿಲ್ಲ. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ದಿನದ ಮಾತ್ರೆಯನ್ನು ನಾನು ನಿಲ್ಲಿಸುವುದಿಲ್ಲ. ಅದಿಲ್ಲದ ಬೆಳಗು ಹೇಗಿರುತ್ತದೆ ಅಂತ ನೋಡಿ ಬಂದಿದ್ದೇನೆ, ಅದನ್ನು ನಿನ್ನೆದುರು ಇನ್ನೊಂದು ಸಲ ತೋರಿಸುವಷ್ಟು ಕಲ್ಲೆದೆ ನನಗಿಲ್ಲ. ನಿನ್ನ ಕೂಗು ನನ್ನನ್ನು ಬಾಗಿಲು ದಾಟಿಸಿತು, ದಿನ ದಾಟಿಸುವುದು ಮಾತ್ರ ಆ ಮಾತ್ರೆಯೇ. ನನಗೆ ಎರಡೂ ಬೇಕು.

ಇನ್ನೊಂದು ಮಾತು. ನಮ್ಮ ಮನೆಯ ಪರೀಕ್ಷೆಯಲ್ಲಿ ದಾರಕ್ಕಿಂತ ದೊಡ್ಡ ತಪ್ಪೊಂದು ಆಗಿತ್ತು. ನೋಡುವವಳನ್ನಾಗಿ ನಿನ್ನನ್ನು ಕೂರಿಸಿದ್ದು. ಕಲಸಿದವರು ನೋಡುವಂತಿಲ್ಲ ಅನ್ನುವ ಕಟ್ಟಳೆ ಮೂವರಿಗೂ ಬಾಯಿಪಾಠ, ಆದರೂ ಯಾರಿಗೂ ಹೊಳೆಯಲಿಲ್ಲ. ಪುಡಿ ಕಲಸಿದ್ದು ಅಕ್ಕ ಅಲ್ಲವಲ್ಲ ಅಂದುಕೊಂಡೆವು. ನನಗೆ ತಲೆ ಬಾಚಿದ್ದು ನೀನು, ಉಣ್ಣಿಸಿದ್ದು ನೀನು, ಹೆಜ್ಜೆ ಹಾಕಿಸಿದ್ದು ನೀನು, ಮೇಸ್ತ್ರಿ ಮುಂದೆ ತಂದು ನಿಲ್ಲಿಸಿದ್ದು ನೀನು. ನನ್ನನ್ನೇ ಕಲಸಿದವಳು ನೀನು ಅಕ್ಕ. ನಿನ್ನ ಕಣ್ಣಿಗೆ ನನ್ನ ಮುಖದಲ್ಲಿ ಕಳೆ ಕಾಣದ ದಿನ ಯಾವುದಿದೆ. ಯಾವ ಡಬ್ಬಿ ತಂದರೂ ನಿನಗೆ ಅದು ಕೆಲಸ ಮಾಡಿದ ಹಾಗೇ ಕಾಣುತ್ತದೆ.

ಆದ್ದರಿಂದ ಬಾ. ಇನ್ನೊಂದು ಸಲ ಸರಿಯಾಗಿ ನೋಡೋಣ. ಒಂದಕ್ಕೆ ಕಪ್ಪು ದಾರ, ಇನ್ನೊಂದಕ್ಕೆ ಬಿಳಿ ದಾರ, ಸೀಸೆಗಳು ಕಪಾಟಿನ ಒಳಗೆ. ದಾರದ ಗುಟ್ಟು ಇವಳ ಹತ್ತಿರ. ನೋಡಲು ಕೆಳಗಿನ ಮನೆಯ ಕಂಡಕ್ಟರನ್ನು ಒಪ್ಪಿಸಿದ್ದೇನೆ. ರಿಟೈರಾದರೂ ಎದುರು ಬಂದವರ ಮುಖವನ್ನು ಟಿಕೆಟ್ ಇದೆಯೋ ಇಲ್ಲವೋ ಅನ್ನುವ ಹಾಗೇ ನೋಡುತ್ತಾರೆ. ನನ್ನ ಮೇಲೆ ಅವರಿಗೆ ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ. ನಮಗೆ ಬೇಕಾದದ್ದು ಅಂಥ ಕಣ್ಣು. ಪುಡಿ ಗೆದ್ದರೆ ಡಬ್ಬಿಯ ಮೇಲಿನ ಮುದುಕನ ಜೊತೆ ನಾನೂ ಗುಡ್ಡ ಹತ್ತುತ್ತೇನೆ. ಸೋತರೆ ಅಡುಗೆಮನೆಯ ಗೋಡೆಗೆ ಒಂದು ಮೊಳೆ ಹೊಡೆಯೋಣ. ನಿನಗೆ ಬೇರೆ ಕೆಲಸ ಇಟ್ಟಿದ್ದೇನೆ. ಬೆಳಿಗ್ಗೆ ನನ್ನ ಪಕ್ಕ ನಡೆಯಬೇಕು, ಕೂಗಬೇಕು. ನನ್ನ ದನಿ ಈಗೀಗ ಮೆತ್ತಗಾಗಿದೆ, ಈ ಕಾಯಿಲೆ ಅದನ್ನೂ ಬಿಟ್ಟಿಲ್ಲ. ನಾನು ಕೂಗಿದರೆ ನನ್ನ ಕಾಲಿಗೇ ಸರಿಯಾಗಿ ಕೇಳಿಸುವುದಿಲ್ಲ.

ಮೆಟ್ಟಿಲು ಹತ್ತಲ್ಲ ಅಂತ ಹಟ ಹಿಡಿದಿದ್ದೀಯ. ಸರಿ, ಹತ್ತಬೇಡ. ಕೆಳಗೇ ನಿಂತು ಒಂದು ಸಲ ಕೂಗು. ನಾನು ಎದ್ದು, ಬಾಗಿಲು ದಾಟಿ, ಒಂದೊಂದೇ ಮೆಟ್ಟಿಲು ಇಳಿದು ಬಂದು ನಿನ್ನ ಚೀಲ ತಗೊಳ್ಳುತ್ತೇನೆ.

ನಿನ್ನ ಆಯುಸ್ಸು ಗಟ್ಟಿಯಾಗಿರಲಿ, ಗಂಟಲು ಅದಕ್ಕಿಂತ ಗಟ್ಟಿಯಾಗಿರಲಿ.

ದಾರಿ ಕಾಯುತ್ತಿರುವ,
ನಿನ್ನ ಗಿಡ್ಡ